ಎಲ್ಲಿಂದ ಎಲ್ಲಿಗೆ: ಸರ್ಕಾರಿ ಪ್ರೌಢಶಾಲೆಗಳನ್ನು ಹೋಲಿಸುವ ಬಗೆ



ಸಿಂಧನೂರು, ಮಸ್ಕಿ, ಲಿಂಗಸುಗೂರು ಈ ಮೂರು ಪಟ್ಟಣಗಳ ಸೀಮೆಯಲ್ಲಿರುವ ವಳಕಮದಿನ್ನಿಯಂಥ ಊರುಗಳಲ್ಲಿ ಪ್ರತಿವರ್ಷ ಮೇ ತಿಂಗಳು ಬಂತೆಂದರೆ ಒಂದೇ ಪ್ರಶ್ನೆ ಮನೆಮನೆಯಲ್ಲಿ ಏಳುತ್ತದೆ: ‘ಯಾವ ಸಾಲಿ ಚಲೋ?’ ಏಳನೆಯದನ್ನೋ ಎಂಟನೆಯದನ್ನೋ ಮುಗಿಸಿದ ಮಗುವನ್ನು ಸಮೀಪದ ಸರ್ಕಾರಿ ಪ್ರೌಢಶಾಲೆಗೆ ಸೇರಿಸಬೇಕೋ, ಬಸ್ಸು ಹತ್ತಿಸಿ ತಾಲ್ಲೂಕು ಕೇಂದ್ರಕ್ಕೆ ಕಳಿಸಬೇಕೋ, ಸಾಲ ಮಾಡಿ ಖಾಸಗಿ ಶಾಲೆಗೆ ಹಚ್ಚಬೇಕೋ ಎಂಬುದು ಆ ಮನೆಯ ಮುಂದಿನ ಹತ್ತು ವರ್ಷಗಳನ್ನು ತೀರ್ಮಾನಿಸುವ ಸಂಗತಿ. ಇಷ್ಟು ದೊಡ್ಡ ತೀರ್ಮಾನಕ್ಕೆ ಅವರ ಕೈಗೆ ಸಿಗುವ ಆಧಾರ ಮಾತ್ರ ತೀರಾ ಸಣ್ಣದು: ಬಸ್ ನಿಲ್ದಾಣದ ಎದುರಿನ ಫ್ಲೆಕ್ಸು, ನೆಂಟರ ಮಾತು, ಪತ್ರಿಕೆಯಲ್ಲಿ ಬಂದ ಎಸ್ಸೆಸ್ಸೆಲ್ಸಿ ಫಲಿತಾಂಶದ ಶೇಕಡಾವಾರು. ಇಲಾಖೆಯೂ ಬಹುಮಟ್ಟಿಗೆ ಇದೇ ಶೇಕಡಾವಾರನ್ನು ಹಿಡಿದು ಶಾಲೆಗಳನ್ನು ಹೊಗಳುತ್ತದೆ, ನೋಟಿಸು ಕೊಡುತ್ತದೆ. ಹತ್ತನೆಯ ತರಗತಿಯ ಉತ್ತೀರ್ಣರ ಪ್ರಮಾಣ ಒಂದು ಶಾಲೆ ಏನು ಮಾಡಿತು ಎಂಬುದನ್ನು ಹೇಳುವುದಿಲ್ಲ ಎನ್ನುವುದು ನನ್ನ ವಾದ. ಮಗು ಎಲ್ಲಿಂದ ಹೊರಟಿತು, ನಡುವೆ ಎಷ್ಟು ಮಕ್ಕಳು ಉಳಿದುಹೋದರು ಎಂಬ ಎರಡು ಸಂಗತಿ ಸೇರಿದರೆ ಮಾತ್ರ ಹೋಲಿಕೆಗೆ ಅರ್ಥ ಬರುತ್ತದೆ. ಆ ಎರಡೂ ಸಂಗತಿಗಳ ದಾಖಲೆ ನಮ್ಮ ಶಾಲೆಗಳಲ್ಲಿ ಈಗಾಗಲೇ ಇದೆ. ಯಾರೂ ಅದನ್ನು ತೆರೆದು ಪಾಲಕರ ಮುಂದಿಡುತ್ತಿಲ್ಲ.

ಮೊದಲಿಗೆ ಶೇಕಡಾವಾರಿನ ಕಥೆಯನ್ನೇ ನೋಡೋಣ. 2023ರ ಎಸ್ಸೆಸ್ಸೆಲ್ಸಿಯಲ್ಲಿ ರಾಜ್ಯದ ಫಲಿತಾಂಶ ಶೇ 83.89. ಚಿತ್ರದುರ್ಗ ಮೊದಲನೆಯ ಜಿಲ್ಲೆ, ಮಂಡ್ಯ ಎರಡನೆಯದು. ಉಡುಪಿ, ದಕ್ಷಿಣ ಕನ್ನಡಗಳು 18 ಮತ್ತು 19ನೆಯ ಸ್ಥಾನಕ್ಕೆ ಸರಿದಿದ್ದವು. 2024ರಲ್ಲಿ ಪರೀಕ್ಷಾ ಮಂಡಳಿ ಕೊಠಡಿಗಳಿಗೆ ಕ್ಯಾಮೆರಾ ಹಾಕಿಸಿ ವೆಬ್‌ಕಾಸ್ಟಿಂಗ್ ನಡೆಸಿತು. ಫಲಿತಾಂಶ ಶೇ 73.40ಕ್ಕೆ ಇಳಿಯಿತು, ಅದೂ ಕೃಪಾಂಕದ ಮಿತಿಯನ್ನು ಶೇ 10ರಿಂದ 20ಕ್ಕೆ ಏರಿಸಿದ ಮೇಲೆ. ಉಡುಪಿ ಶೇ 94 ಪಡೆದು ಮೊದಲ ಸ್ಥಾನಕ್ಕೆ ಬಂತು, ದಕ್ಷಿಣ ಕನ್ನಡ ಎರಡನೆಯದಾಯಿತು, ಚಿತ್ರದುರ್ಗ 20ರಾಚೆಗೆ ಇಳಿಯಿತು. ಕೃಪಾಂಕ ನಿಲ್ಲಿಸಿದ 2025ರಲ್ಲಿ ರಾಜ್ಯದ ಫಲಿತಾಂಶ ಶೇ 66.14 ಆಯಿತು. ಇನ್ನೂ ಸ್ವಲ್ಪ ಹಿಂದಕ್ಕೆ ಹೋದರೆ, ಕೊರೊನಾದ 2021ರಲ್ಲಿ ಇಡೀ ರಾಜ್ಯದಲ್ಲಿ ಒಬ್ಬ ಅಭ್ಯರ್ಥಿಯನ್ನುಳಿದು ಎಲ್ಲರೂ ಪಾಸಾಗಿದ್ದರು. ಈ ನಾಲ್ಕೈದು ವರ್ಷಗಳಲ್ಲಿ ಶಾಲೆಗಳ ಕಟ್ಟಡ ಬದಲಾಗಲಿಲ್ಲ, ಶಿಕ್ಷಕರಲ್ಲಿ ಬಹುತೇಕರು ಅವರೇ, ಪುಸ್ತಕಗಳೂ ಹೆಚ್ಚುಕಡಿಮೆ ಅವೇ. ಬದಲಾದದ್ದು ಅಳೆಯುವ ಕೋಲು. ಈಗ 2025–26ರ ಸಾಲಿನಿಂದ ತೇರ್ಗಡೆಗೆ ಒಟ್ಟಾರೆ ಶೇ 35ರ ಬದಲು ಶೇ 33 ಸಾಕು, ಪ್ರತಿ ವಿಷಯದಲ್ಲಿ ಕನಿಷ್ಠ 30 ಇದ್ದರಾಯಿತು ಎಂಬ ನಿಯಮ ಬಂದಿದೆ. ಈ ನಿಯಮದಿಂದ ಫಲಿತಾಂಶ ಏರಿದರೆ ಅದನ್ನು ಶಾಲೆಗಳ ಸಾಧನೆ ಎಂದು ಬರೆದುಕೊಳ್ಳಲು ಬರುವುದಿಲ್ಲ. 2025ರಲ್ಲಿ ರಾಯಚೂರು ಜಿಲ್ಲೆ 61ರ ಆಸುಪಾಸಿನಿಂದ 52ರ ಆಸುಪಾಸಿಗೆ ಇಳಿದದ್ದನ್ನು ಪೂರ್ತಿಯಾಗಿ ಶಿಕ್ಷಕರ ಸೋಲು ಎಂದು ಬರೆಯಲೂ ಬರುವುದಿಲ್ಲ.

ಕ್ಯಾಮೆರಾ ಇಟ್ಟ ಮೇಲೂ ಉಡುಪಿ ಮೇಲೆ, ರಾಯಚೂರು, ಯಾದಗಿರಿ, ಕಲಬುರಗಿ ಕೆಳಗೆ ಉಳಿದವಲ್ಲ, ಆ ಅಂತರವಾದರೂ ನಿಜವಲ್ಲವೇ ಎಂದು ಕೇಳಬಹುದು. ಅಂತರ ನಿಜ. ಅದು ಶಾಲೆಯ ಒಳಗೆ ಹುಟ್ಟಿತೋ, ಶಾಲೆಯ ಬಾಗಿಲಿಗೆ ಬರುವ ಮೊದಲೇ ಇತ್ತೋ ಎಂಬುದು ಬೇರೆ ಪ್ರಶ್ನೆ. 2011ರ ಜನಗಣತಿಯಲ್ಲಿ ದಕ್ಷಿಣ ಕನ್ನಡದ ಸಾಕ್ಷರತೆ ಶೇ 88ಕ್ಕಿಂತ ಹೆಚ್ಚು. ರಾಯಚೂರಿನದು ಶೇ 60ಕ್ಕಿಂತ ತುಸು ಕಡಿಮೆ, ಹೆಣ್ಣುಮಕ್ಕಳದು ಶೇ 49ನ್ನೂ ಮುಟ್ಟಿರಲಿಲ್ಲ. ಆ ಜನಗಣತಿಯಲ್ಲಿ ಓದು ಬಾರದವರೆಂದು ನಮೂದಾದ ತಾಯಂದಿರ ಮಕ್ಕಳೇ ಇಂದು ನಮ್ಮ ಎಂಟು, ಒಂಬತ್ತು, ಹತ್ತನೆಯ ತರಗತಿಗಳಲ್ಲಿ ಕೂತಿದ್ದಾರೆ. ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ಕೊಟ್ಟ ವರದಿಯ ಅತ್ಯಂತ ಹಿಂದುಳಿದ 39 ತಾಲ್ಲೂಕುಗಳ ಪಟ್ಟಿಯಲ್ಲಿ ಸಿಂಧನೂರು, ಲಿಂಗಸುಗೂರು ಎರಡೂ ಇದ್ದವು. ಮಸ್ಕಿ ಆಗಿನ್ನೂ ತಾಲ್ಲೂಕಾಗಿರಲಿಲ್ಲ. ಅಮೆರಿಕದಲ್ಲಿ 1966ರಲ್ಲಿ ಬಂದ ಜೇಮ್ಸ್ ಕೋಲ್ಮನ್ ವರದಿಯಿಂದ ಇಲ್ಲಿಯವರೆಗೆ, ಮನೆಯ ಸ್ಥಿತಿಗತಿ ಪರೀಕ್ಷೆಯ ಅಂಕದ ಮೇಲೆ ಬೀರುವ ಪ್ರಭಾವ ಎಷ್ಟು ದೊಡ್ಡದೆಂದು ಶಿಕ್ಷಣ ಸಂಶೋಧನೆ ಮತ್ತೆ ಮತ್ತೆ ತೋರಿಸಿದೆ.

ಜಿಲ್ಲೆ ಜಿಲ್ಲೆಗಳ ನಡುವಿನ ಮಾತು ಬಿಡಿ, ಈ ಮೂರು ತಾಲ್ಲೂಕುಗಳ ಒಳಗೇ ಒಂದು ಪ್ರೌಢಶಾಲೆಗೂ ಇನ್ನೊಂದಕ್ಕೂ ಅಜಗಜಾಂತರವಿದೆ. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಹರಿಯುವ ಸಿಂಧನೂರು ಭಾಗದಲ್ಲಿ ಎರಡು ಬೆಳೆ ಭತ್ತ ಕಂಡ ಊರುಗಳಿವೆ. ಅದೇ ಕಾಲುವೆಯ ಕೊನೆ ಭಾಗದ ರೈತರು ವರ್ಷವರ್ಷವೂ ನೀರಿಗಾಗಿ ರಸ್ತೆಗಿಳಿಯುತ್ತಾರೆ. ಮಸ್ಕಿ ಭಾಗದ ಒಣಭೂಮಿಯ ರೈತರು ನಾರಾಯಣಪುರ ಬಲದಂಡೆಯ 5ಎ ಕಾಲುವೆಗಾಗಿ ಪಾಮನಕಲ್ಲೂರಿನಲ್ಲಿ ದೀರ್ಘಕಾಲ ಧರಣಿ ಕೂತರು. ನೀರು ಬಂದ ಊರಿನ ಶಾಲೆಯ ಹಾಜರಿ ಪುಸ್ತಕವೂ ನೀರಿಲ್ಲದ ಊರಿನದೂ ಒಂದೇ ಥರ ಇರುವುದಿಲ್ಲ. ಒಣಬೇಸಾಯದ ಊರಿನಲ್ಲಿ ಮಳೆ ಕೈಕೊಟ್ಟ ವರ್ಷ ತಂದೆತಾಯಿ ಬೆಂಗಳೂರಿಗೋ ಪುಣೆಗೋ ಗುಳೆ ಹೋದರೆ ಮಗು ಅಜ್ಜಿಯ ಹತ್ತಿರ ಉಳಿಯುತ್ತದೆ, ಇಲ್ಲವೇ ಜೊತೆಗೆ ಹೋಗುತ್ತದೆ. ನವೆಂಬರಿನಿಂದ ಜನವರಿಯವರೆಗೆ ಹತ್ತಿ ಬಿಡಿಸುವ ಕಾಲ, ಅದರ ಬೆನ್ನಿಗೇ ಮೆಣಸಿನಕಾಯಿ. ಒಂಬತ್ತನೆಯ ತರಗತಿಯ ಹುಡುಗಿಯ ಹೆಸರಿನ ಮುಂದೆ ಸೋಮವಾರದಿಂದ ಶನಿವಾರದವರೆಗೆ ಗೈರಿನ ಗುರುತು ಸಾಲಾಗಿ ಬೀಳುವುದು ಇದೇ ತಿಂಗಳುಗಳಲ್ಲಿ. ಹತ್ತನೆಯ ತರಗತಿಯಲ್ಲಿ ಪಾಠಗಳು ಮುಗಿದು ಪುನರಾವರ್ತನೆ ಶುರುವಾಗುವುದೂ ಇದೇ ತಿಂಗಳುಗಳಲ್ಲಿ. ಇನ್ನು ಸಿಂಧನೂರಿನ ಸುತ್ತ ಪೂರ್ವ ಪಾಕಿಸ್ತಾನದಿಂದ ಬಂದವರಿಗಾಗಿ ಸರ್ಕಾರ ನೆಲೆಗೊಳಿಸಿದ ಬಂಗಾಳಿ ಕ್ಯಾಂಪುಗಳಿವೆ, ಆಂಧ್ರದಿಂದ ಬಂದು ಭತ್ತ ಬೆಳೆದವರ ತೆಲುಗು ಕ್ಯಾಂಪುಗಳಿವೆ. ಮನೆಯಲ್ಲಿ ಬಂಗಾಳಿ ಇಲ್ಲವೇ ತೆಲುಗು ಆಡುವ ಮಗು ಕನ್ನಡವನ್ನು ಪ್ರಥಮ ಭಾಷೆಯಾಗಿ ತೆಗೆದುಕೊಂಡು 125 ಅಂಕದ ಪತ್ರಿಕೆ ಬರೆಯುತ್ತದೆ. ಅಂಥ ಮಕ್ಕಳನ್ನು ದಡ ಮುಟ್ಟಿಸಿದ ಶಾಲೆಯ ಶೇ 65, ಮನೆಯಲ್ಲಿ ಓದುವ ವಾತಾವರಣವಿದ್ದ ಮಕ್ಕಳ ಶಾಲೆಯ ಶೇ 85ಕ್ಕಿಂತ ದೊಡ್ಡ ಕೆಲಸವಾಗಿರಬಹುದು. ಈಗಿನ ಪಟ್ಟಿಯಲ್ಲಿ ಅದು ಕಾಣಲು ಸಾಧ್ಯವೇ ಇಲ್ಲ.

ಸರ್ಕಾರಿ ಶಾಲೆಗಳೆಂದು ಒಂದೇ ಹೆಸರಿನಲ್ಲಿ ಕರೆದರೂ ಅವೆಲ್ಲ ಒಂದೇ ಜಾತಿಯವಲ್ಲ. ಆದರ್ಶ ವಿದ್ಯಾಲಯಗಳು ಆರನೆಯ ತರಗತಿಗೆ ಪ್ರವೇಶ ಪರೀಕ್ಷೆ ನಡೆಸಿ ಮಕ್ಕಳನ್ನು ತೆಗೆದುಕೊಳ್ಳುತ್ತವೆ. ಮೊರಾರ್ಜಿ ದೇಸಾಯಿ, ಕಿತ್ತೂರು ರಾಣಿ ಚೆನ್ನಮ್ಮ ವಸತಿ ಶಾಲೆಗಳಿಗೂ ಪ್ರವೇಶ ಪರೀಕ್ಷೆಯುಂಟು, ಅಲ್ಲಿ ಊಟ, ವಸತಿ, ಸಂಜೆಯ ಓದು ಎಲ್ಲವೂ ಒಂದೇ ಆವರಣದಲ್ಲಿ. ಈ ಶಾಲೆಗಳು ಬಡ ಮಕ್ಕಳ ಪಾಲಿಗೆ ದೊಡ್ಡ ವರ. ಅವುಗಳ ಬಗ್ಗೆ ನನಗೆ ಗೌರವವಿದೆ. ಆದರೆ ಒಂದು ಊರಿನ ಪ್ರಾಥಮಿಕ ಶಾಲೆಯಿಂದ ಚುರುಕಾದ ನಾಲ್ಕೈದು ಮಕ್ಕಳು ಐದನೆಯ ತರಗತಿ ಮುಗಿಯುತ್ತಲೇ ಆಯ್ಕೆಯಾಗಿ ಹೋದ ಮೇಲೆ ಉಳಿದವರನ್ನು ಸೇರಿಸಿಕೊಳ್ಳುವ ಹೋಬಳಿಯ ಪ್ರೌಢಶಾಲೆಯನ್ನು ಅವುಗಳ ಪಕ್ಕದಲ್ಲಿ ನಿಲ್ಲಿಸಿ ‘ನಿಮ್ಮದೇಕೆ ಕಡಿಮೆ’ ಎಂದು ಕೇಳುವುದು ಅನ್ಯಾಯ. ಬಾಗಿಲು ತೆರೆದಿಟ್ಟು ಬಂದವರನ್ನೆಲ್ಲ ಸೇರಿಸಿಕೊಳ್ಳುವ ಶಾಲೆಯೇ ನಿಜವಾದ ಅರ್ಥದಲ್ಲಿ ಸಾರ್ವಜನಿಕ ಶಾಲೆ. ಹಾಗೆ ಸೇರಿಸಿಕೊಂಡದ್ದಕ್ಕೇ ಅದಕ್ಕೆ ಕೆಟ್ಟ ಹೆಸರು ಬರುವಂಥ ಅಳತೆಗೋಲನ್ನು ನಾವು ಒಪ್ಪಿಕೊಂಡು ಕೂತಿದ್ದೇವೆ.

ಇದಕ್ಕಿಂತಲೂ ಗಂಭೀರವಾದದ್ದು ಶೇಕಡಾ ಲೆಕ್ಕದ ಕೆಳಗಿನ ಸಂಖ್ಯೆ, ಅಂದರೆ ಯಾರನ್ನು ಲೆಕ್ಕಕ್ಕೆ ಹಿಡಿಯುತ್ತೇವೆ ಎಂಬುದು. ಒಂದು ಉದಾಹರಣೆ ಕಟ್ಟಿಕೊಳ್ಳೋಣ. ಎರಡು ಶಾಲೆಗಳಲ್ಲಿ ಎಂಟನೆಯ ತರಗತಿಗೆ 60-60 ಮಕ್ಕಳು ಸೇರಿದರು ಎನ್ನಿ. ಮೊದಲ ಶಾಲೆಯಲ್ಲಿ ಹತ್ತನೆಯ ಪರೀಕ್ಷೆಗೆ ಕೂತವರು 42, ಪಾಸಾದವರು 38; ಫಲಿತಾಂಶ ಶೇ 90. ಎರಡನೆಯ ಶಾಲೆಯಲ್ಲಿ ಕೂತವರು 57, ಪಾಸಾದವರು 45. ಫಲಿತಾಂಶ ಶೇ 79. ಪತ್ರಿಕೆಯಲ್ಲಿ ಮೊದಲ ಶಾಲೆಯ ಫೋಟೊ ಬರುತ್ತದೆ. ಎಂಟನೆಯ ತರಗತಿಗೆ ಕೈಹಿಡಿದು ತಂದು ಬಿಟ್ಟ 60 ತಂದೆತಾಯಿಗಳ ಕಡೆಯಿಂದ ನೋಡಿದರೆ ಮೊದಲ ಶಾಲೆ ನೂರಕ್ಕೆ 63 ಮಕ್ಕಳನ್ನು ದಾಟಿಸಿತು, ಎರಡನೆಯದು 75. ಮೊದಲ ಶಾಲೆಯಲ್ಲಿ ನಡುವೆ ಬಿಟ್ಟುಹೋದ 18 ಮಕ್ಕಳು ಎಲ್ಲಿ ಹೋದರು? ಕೆಲವರು ಗುಳೆ, ಕೆಲವರು ಒಂಬತ್ತರಲ್ಲೇ ನಪಾಸು, ಕೆಲವು ಹುಡುಗಿಯರಿಗೆ ಮದುವೆ, ಇನ್ನು ಕೆಲವರಿಗೆ ‘ಖಾಸಗಿಯಾಗಿ ಕಟ್ಟು’ ಎಂಬ ಸಲಹೆ. ಫಲಿತಾಂಶದ ಶೇಕಡಾವಾರನ್ನೇ ಶಾಲೆಯ ಮರ್ಯಾದೆಯನ್ನಾಗಿ ಮಾಡಿದರೆ, ದಡ್ಡ ಎನಿಸಿದ ಮಗು ಶಾಲೆಗೆ ಭಾರವಾಗುತ್ತದೆ. ಆ ಮಗುವನ್ನು ಉಳಿಸಿಕೊಂಡ ಮುಖ್ಯ ಶಿಕ್ಷಕರಿಗೆ ನಷ್ಟ, ಕಳೆದುಕೊಂಡವರಿಗೆ ಲಾಭ. ಕಲ್ಯಾಣ ಕರ್ನಾಟಕದ ಮಕ್ಕಳ ವಿಷಯದಲ್ಲಿ ಇದಕ್ಕಿಂತ ಕ್ರೂರವಾದ ಲೆಕ್ಕ ಇನ್ನೊಂದಿಲ್ಲ ಎಂದು ನಾನು ಭಾವಿಸುತ್ತೇನೆ.

ಶಾಲೆಯಲ್ಲಿ ಉಳಿದುಕೊಂಡ ಮಕ್ಕಳ ಕಲಿಕೆಗೂ ಈ ಅಳತೆ ಪೆಟ್ಟು ಕೊಡುತ್ತದೆ. ‘ಪಾಸಿಂಗ್ ಪ್ಯಾಕೇಜ್’ ಎಂಬ ಮಾತು ಪ್ರೌಢಶಾಲೆಯ ಪ್ರತಿಯೊಬ್ಬ ಶಿಕ್ಷಕರಿಗೂ ಗೊತ್ತು. ಹಿಂದುಳಿದ ಮಕ್ಕಳು ಪಾಸಿನ ಗೆರೆ ದಾಟಲು ಬೇಕಾದಷ್ಟನ್ನೇ ಸೋಸಿ ಕೊಟ್ಟ ಕೆಲವು ಪುಟಗಳು ಅವು. ಗಣಿತದಲ್ಲಿ ಒಂದು ಪ್ರಮೇಯ, ನಕ್ಷೆ ಎಳೆದು ಬಿಡಿಸುವ ಒಂದು ಜೋಡಿ ಸಮೀಕರಣ. ವಿಜ್ಞಾನದಲ್ಲಿ ಕಣ್ಣು, ಹೃದಯ, ನೆಫ್ರಾನಿನ ಚಿತ್ರ. ಸಮಾಜದಲ್ಲಿ ಭಾರತದ ನಕ್ಷೆ. ಜನವರಿಯಿಂದ ಮಾರ್ಚಿನವರೆಗೆ ಮಗು ಇದನ್ನೇ ಹತ್ತು ಸಲ, ಇಪ್ಪತ್ತು ಸಲ ಬರೆಯುತ್ತದೆ. ಹೃದಯದ ನಾಲ್ಕು ಕೋಣೆಗಳನ್ನು ಚಂದಗೆ ಬರೆದು ಹೆಸರಿಸುವ ಹುಡುಗನಿಗೆ ರಕ್ತ ಯಾವ ಕೋಣೆಯಿಂದ ಯಾವ ಕಡೆಗೆ ಹೋಗುತ್ತದೆಂದು ಕೇಳಿದರೆ ತಿಳಿಯದಿರಬಹುದು. ಇದನ್ನು ಮಾಡಿಸುವ ಶಿಕ್ಷಕರನ್ನು ನಾನು ದೂರುವುದಿಲ್ಲ. ಎಂಟನೆಯ ತರಗತಿಗೆ ಭಾಗಾಕಾರ ಬಾರದೆ ಬಂದ ಮಗುವಿನ ಮುಂದೆ ಪರೀಕ್ಷೆಗೆ ಮೂರು ತಿಂಗಳಿರುವಾಗ ಅವರು ಬೇರೆ ಏನು ಮಾಡಿಯಾರು? ಆದರೆ ಆ ಮಗುವಿಗೆ ಎಂಟು ಮತ್ತು ಒಂಬತ್ತನೆಯ ತರಗತಿಗಳಲ್ಲಿ ಭಾಗಾಕಾರ, ಭಿನ್ನರಾಶಿ ಕಲಿಸಿ ಮೇಲೆತ್ತಿದ ಶಾಲೆಯೂ, ಕೊನೆಯ ಮೂರು ತಿಂಗಳು ಪ್ಯಾಕೇಜು ಉರು ಹೊಡೆಸಿದ ಶಾಲೆಯೂ ಒಂದೇ ಅಂಕದಲ್ಲಿ ಮುಗಿದರೆ, ಪಟ್ಟಿ ಎರಡನ್ನೂ ಸಮಾನವೆನ್ನುತ್ತದೆ. ಪಿಯುಸಿಗೆ ಹೋದ ಮೇಲೆ ವ್ಯತ್ಯಾಸ ಗೊತ್ತಾಗುತ್ತದೆ. ಆಗ ಪೆಟ್ಟು ಬೀಳುವುದು ಮಗುವಿಗೆ.

ಸಣ್ಣ ಶಾಲೆಗಳ ಕಷ್ಟವನ್ನೂ ಇಲ್ಲಿ ಹೇಳಬೇಕು. ಹತ್ತನೆಯ ತರಗತಿಯಲ್ಲಿ 25 ಮಕ್ಕಳಿರುವ ಶಾಲೆಯಲ್ಲಿ ಒಬ್ಬ ಹುಡುಗ ಜ್ವರ ಬಂದು ಗಣಿತದ ಪತ್ರಿಕೆ ಕೆಡಿಸಿಕೊಂಡರೆ ಶೇ 4 ಕುಸಿಯುತ್ತದೆ. 200 ಮಕ್ಕಳ ಪಟ್ಟಣದ ಶಾಲೆಯಲ್ಲಿ ಅದು ಅರ್ಧ ಶೇಕಡಾ. ಹಾಗಾಗಿ ಒಂದು ವರ್ಷ ನೂರಕ್ಕೆ ನೂರು ಎಂದು ಸನ್ಮಾನ ಪಡೆದ ಸಣ್ಣ ಶಾಲೆಗೆ ಮರುವರ್ಷ ನೋಟಿಸು ಬರುವುದು ಅಪರೂಪವಲ್ಲ. ಅಮೆರಿಕದ ಉತ್ತರ ಕೆರೊಲಿನಾ ರಾಜ್ಯದ ಶಾಲೆಗಳನ್ನು ಪರಿಶೀಲಿಸಿದ ಥಾಮಸ್ ಕೇನ್ ಮತ್ತು ಡಗ್ಲಸ್ ಸ್ಟೈಗರ್ 2002ರಲ್ಲಿ ಇದನ್ನೇ ತೋರಿಸಿದರು: ಪಟ್ಟಿಯ ತುದಿಯಲ್ಲೂ ಬುಡದಲ್ಲೂ ಹೆಚ್ಚಾಗಿ ಕಾಣಿಸುವವು ಸಣ್ಣ ಶಾಲೆಗಳೇ, ಕಾರಣ ಸಂಖ್ಯೆಯ ಏರಿಳಿತ. ನಮ್ಮಲ್ಲಿ ‘ಶೂನ್ಯ ಫಲಿತಾಂಶ’ದ ಶಾಲೆಗಳ ಸುದ್ದಿ ಬಂದಾಗ ಜನರ ಮನಸ್ಸಿಗೆ ಸರ್ಕಾರಿ ಶಾಲೆಯೇ ಬರುತ್ತದೆ. 2024ರಲ್ಲಿ ಅಂಥ 78 ಶಾಲೆಗಳಲ್ಲಿ 62 ಅನುದಾನರಹಿತ ಖಾಸಗಿ ಶಾಲೆಗಳು. ಸರ್ಕಾರಿ ಶಾಲೆಗಳು ಕೇವಲ 3. ಅದೇ ವರ್ಷ ಸರ್ಕಾರಿ ಶಾಲೆಗಳ ಒಟ್ಟು ಫಲಿತಾಂಶ ಶೇ 72.46, ಅನುದಾನಿತ ಶಾಲೆಗಳದು ಶೇ 72.22. ಯಾರನ್ನೂ ತಳ್ಳಿಹಾಕದ ಸರ್ಕಾರಿ ಶಾಲೆಗಳು ಈ ಮಟ್ಟಿಗೆ ಸರಿಸಮ ನಿಂತದ್ದು ಸಣ್ಣ ಮಾತಲ್ಲ.

ಹಾಗಾದರೆ ನ್ಯಾಯವಾದ ಹೋಲಿಕೆ ಹೇಗಿರಬೇಕು? ಜೂನ್ ತಿಂಗಳಲ್ಲಿ ಶಾಲೆ ತೆರೆದೊಡನೆ ನಮ್ಮ ಎಲ್ಲ ಸರ್ಕಾರಿ ಶಾಲೆಗಳಲ್ಲಿ ಸೇತುಬಂಧ ನಡೆಯುತ್ತದೆ. ಹಿಂದಿನ ತರಗತಿಯ ಕಲಿಕೆ ಎಷ್ಟರಮಟ್ಟಿಗಿದೆ ಎಂದು ತಿಳಿಯಲು ಮೊದಲು ನೈದಾನಿಕ ಪರೀಕ್ಷೆ, ಕೊನೆಗೆ ಸಾಫಲ್ಯ ಪರೀಕ್ಷೆ. ಎಂಟನೆಯ ತರಗತಿಗೆ ಬಂದ ಮಗು ಕನ್ನಡ ಪಠ್ಯವನ್ನು ಓದಬಲ್ಲದೇ, ಭಿನ್ನರಾಶಿ ಕೂಡಿಸಬಲ್ಲದೇ ಎಂಬುದು ಆ ಹಾಳೆಗಳಲ್ಲಿ ಇರುತ್ತದೆ. ಇನ್ನೊಂದು ಕಡೆ, ಪ್ರತಿ ಮಗುವಿಗೂ ಸ್ಯಾಟ್ಸ್ ಎಂಬ ವಿದ್ಯಾರ್ಥಿ ದಾಖಲೆ ವ್ಯವಸ್ಥೆಯಲ್ಲಿ ಒಂದು ಸಂಖ್ಯೆ ಇದೆ; ಮಗು ಶಾಲೆ ಬದಲಿಸಿದರೂ ಆ ಸಂಖ್ಯೆ ಬದಲಾಗುವುದಿಲ್ಲ. ಎಂಟರ ಜೂನಿನ ನೈದಾನಿಕ ಪರೀಕ್ಷೆಯ ಮಟ್ಟವನ್ನು ಹತ್ತರ ಏಪ್ರಿಲಿನ ಅಂಕದ ಜೊತೆ ಆ ಸಂಖ್ಯೆಯ ಮೂಲಕ ಜೋಡಿಸಿದರೆ, ಒಂದೇ ಮಟ್ಟದಿಂದ ಹೊರಟ ಮಕ್ಕಳನ್ನು ಯಾವ ಶಾಲೆ ಎಷ್ಟು ದೂರ ಒಯ್ದಿತು ಎಂಬುದು ತಿಳಿಯುತ್ತದೆ. ಇಂಗ್ಲೆಂಡ್ 1992ರಲ್ಲಿ ಬರೀ ಫಲಿತಾಂಶದ ಪಟ್ಟಿಗಳನ್ನು ಪ್ರಕಟಿಸಲು ಶುರುಮಾಡಿ, ಅದರ ಅನ್ಯಾಯ ಕಂಡು, ಮಗುವಿನ ಆರಂಭದ ಮಟ್ಟವನ್ನು ಲೆಕ್ಕಕ್ಕೆ ತರುವ ವಿಧಾನಗಳನ್ನು ಹುಡುಕುತ್ತಾ 2016ರಲ್ಲಿ ‘ಪ್ರೋಗ್ರೆಸ್ 8’ ಎಂಬ ಅಳತೆಗೆ ಬಂತು. ವೇಲ್ಸ್ ತನ್ನ ಪಟ್ಟಿಗಳನ್ನು 2001ರಲ್ಲೇ ಕೈಬಿಟ್ಟಿತು. ಅವರ ದಾರಿಯಲ್ಲಿ ಎಡವಟ್ಟುಗಳೂ ಇವೆ. ಆದರೂ ಆರಂಭದ ಮಟ್ಟ ಕೇಳದೆ ಹೋಲಿಸುವುದು ಸರಿಯಲ್ಲವೆಂಬ ಅರಿವಿನಿಂದ ಅವರು ಹಿಂದೆ ಸರಿದಿಲ್ಲ.

ಇದಕ್ಕೆ ಬರುವ ಮೊದಲ ಆಕ್ಷೇಪ ಬಲವಾದದ್ದು: ಉದ್ಯೋಗಕ್ಕೆ, ಡಿಪ್ಲೊಮಾ ಪ್ರವೇಶಕ್ಕೆ ಅಂಕವೇ ಮುಖ್ಯ, ‘ಈ ಮಗು ಬಹಳ ಹಿಂದಿನಿಂದ ಬಂದದ್ದು’ ಎಂದು ಯಾರೂ ಕೇಳುವುದಿಲ್ಲ, ಆರಂಭದ ಮಟ್ಟ ನೋಡಿ ಶಾಲೆಯನ್ನು ಹೊಗಳಿದರೆ ಹಿಂದುಳಿದ ಮಕ್ಕಳಿಂದ ಕಡಿಮೆ ನಿರೀಕ್ಷಿಸುವ ಚಾಳಿ ಬೆಳೆದೀತು. ಮಗುವಿನ ಮಟ್ಟಿಗೆ ಈ ಮಾತು ಸರಿ. ಅದಕ್ಕೇ ಅಂಕವನ್ನೂ ಪ್ರಗತಿಯನ್ನೂ ಎರಡನ್ನೂ ಪ್ರಕಟಿಸಬೇಕು. ಆದರೆ ಶಾಲೆಯ ಕೆಲಸವನ್ನು ತೂಗುವಾಗ ಬರೀ ಅಂಕ ನೋಡಿದರೆ ಈಗಲೂ ಕಡಿಮೆ ನಿರೀಕ್ಷೆಯೇ ನಡೆಯುತ್ತಿದೆ: ಪಾಸಿನ ಗೆರೆ ದಾಟುವುದು ಸಾಕು ಎಂಬುದಕ್ಕಿಂತ ಕಡಿಮೆ ನಿರೀಕ್ಷೆ ಯಾವುದು? ಪ್ರಗತಿ ಅಳೆದರೆ 70 ಅಂಕದಿಂದ ಹೊರಟ ಮಗುವನ್ನು 90ಕ್ಕೆ ಒಯ್ಯಲೂ ಶಾಲೆಗೆ ಕಾರಣ ಸಿಗುತ್ತದೆ. ಈಗ ಆ ಮಗು ಹೇಗೂ ಪಾಸಾಗುತ್ತದೆಂದು ಕೊನೆಯ ಬೆಂಚಿನವರ ಪ್ಯಾಕೇಜಿನ ಗದ್ದಲದಲ್ಲಿ ಮರೆತುಹೋಗುತ್ತದೆ.

ಎರಡನೆಯ ಆಕ್ಷೇಪ ಶಿಕ್ಷಕರಿಂದಲೇ ಬರುತ್ತದೆ: ನೈದಾನಿಕ ಪರೀಕ್ಷೆಯನ್ನು ನಾವೇ ನಡೆಸಿ ನಾವೇ ತಿದ್ದುತ್ತೇವೆ, ಅದನ್ನು ಅಳತೆಯಾಗಿ ಮಾಡಿದರೆ ಆರಂಭದಲ್ಲಿ ಬೇಕೆಂದೇ ಕಡಿಮೆ ಬರೆದು ಕೊನೆಗೆ ಪ್ರಗತಿ ತೋರಿಸಬಹುದಲ್ಲ? ಆ ಭಯ ಸಾಧುವೇ. ಯಾವ ಅಂಕಿಯ ಮೇಲೆ ಬಹುಮಾನ, ಶಿಕ್ಷೆ ನಿಂತಿರುತ್ತದೋ ಆ ಅಂಕಿ ಕೆಡುತ್ತದೆ. 2023 ಮತ್ತು 2024ರ ನಡುವಿನ ಕುಸಿತ ಅದನ್ನು ನಮಗೆ ತೋರಿಸಿದೆ. ಇದಕ್ಕೆ ಎರಡು ಮದ್ದು. ಎಂಟನೆಯ ತರಗತಿಯ ಆ ಒಂದು ಪರೀಕ್ಷೆಯ ಉತ್ತರ ಪತ್ರಿಕೆಗಳನ್ನು ಪಕ್ಕದ ಶಾಲೆಯ ಶಿಕ್ಷಕರು ತಿದ್ದಲಿ, ಹತ್ತನೆಯ ಫಲಿತಾಂಶ ಬರುವವರೆಗೆ ಅವು ಕಪಾಟಿನಲ್ಲಿ ಭದ್ರವಾಗಿರಲಿ. ಎರಡನೆಯದಾಗಿ, ಈ ಹೋಲಿಕೆಯಿಂದ ಯಾರ ವೇತನ ಬಡ್ತಿಯೂ ನಿಲ್ಲಬಾರದು, ರ್‍ಯಾಂಕೂ ಕೊಡಬಾರದು. ಮೂರು ವರ್ಷಗಳ ಸರಾಸರಿ ತೆಗೆದು, ತಮ್ಮಂಥದೇ ಮಕ್ಕಳಿರುವ ಶಾಲೆಗಳ ನಡುವೆ ತಾವೆಲ್ಲಿದ್ದೇವೆ ಎಂದಷ್ಟೇ ಹೇಳಬೇಕು. ಮಗುವಿಗಂತೂ ಇದರಲ್ಲಿ ಪಾಸು ಫೇಲು ಇರಲೇಕೂಡದು. 5, 8, 9ನೆಯ ತರಗತಿಗಳಿಗೆ ಮಂಡಳಿ ಮಟ್ಟದ ಪರೀಕ್ಷೆ ತಂದ ಪ್ರಯತ್ನ 2024ರ ಏಪ್ರಿಲಿನಲ್ಲಿ ಸುಪ್ರೀಂ ಕೋರ್ಟಿನ ತಡೆಯಾಜ್ಞೆಯವರೆಗೆ ಹೋಯಿತೆಂಬುದನ್ನು ಮರೆಯಬಾರದು.

ಹೋಲಿಕೆಯೇ ಬೇಡ, ಅದು ಶಾಲೆಗಳಿಗೆ ಅವಮಾನ ಎನ್ನುವವರಿದ್ದಾರೆ. ಅವರ ಕಳಕಳಿ ನನಗೆ ಅರ್ಥವಾಗುತ್ತದೆ, ಒಪ್ಪಿಗೆಯಾಗುವುದಿಲ್ಲ. ಪಾಲಕರು ಹೋಲಿಸುವುದನ್ನು ನಾವು ನಿಲ್ಲಿಸಲಾರೆವು. ಸರಿಯಾದ ಮಾಹಿತಿ ಸಿಗದಿದ್ದರೆ ಫ್ಲೆಕ್ಸಿನ ಮೇಲಿನ ನಾಲ್ಕು ಮಕ್ಕಳ ಫೋಟೊ ನೋಡಿ ಹೋಲಿಸುತ್ತಾರೆ, ಸಾಲ ಮಾಡಿ ದೂರದ ಶಾಲೆಗೆ ಕಳಿಸುತ್ತಾರೆ, ಊರ ಶಾಲೆಯ ಸಂಖ್ಯೆ ಇಳಿಯುತ್ತದೆ. ಹಣದ ಲೆಕ್ಕವೂ ಇದೆ. ಸಂವಿಧಾನದ 371(ಜೆ) ಕಲಮು ಬಂದ ಮೇಲೆ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯ ಅನುದಾನ ಬೆಳೆಯುತ್ತಾ 5,000 ಕೋಟಿ ರೂಪಾಯಿ ಮುಟ್ಟಿತು. ಅದರಲ್ಲಿ ಶಿಕ್ಷಣಕ್ಕೂ ಪಾಲಿದೆ. ಎಲ್ಲಿ ಮಗು ಹಿಂದೆ ಉಳಿಯುತ್ತಿದೆಯೆಂದು ತಿಳಿಯದೆ ಎಷ್ಟು ಸ್ಮಾರ್ಟ್ ಬೋರ್ಡು ಹಂಚಿದರೂ ಭಾಗಾಕಾರ ಬಾರದ ಮಗುವಿಗೆ ಅದರಿಂದ ಏನೂ ದಕ್ಕುವುದಿಲ್ಲ.

ನನ್ನ ಬೇಡಿಕೆ ಇಷ್ಟೇ. ಮೂರೂ ತಾಲ್ಲೂಕುಗಳ ಪ್ರತಿ ಸರ್ಕಾರಿ ಪ್ರೌಢಶಾಲೆಯ ಗೋಡೆಯ ಮೇಲೆ ಪ್ರತಿ ಮೇ ತಿಂಗಳಲ್ಲಿ ಒಂದು ಫಲಕ ಬರಲಿ: ಎಂಟಕ್ಕೆ ಸೇರಿದವರೆಷ್ಟು, ಅವರಲ್ಲಿ ಹತ್ತನೆಯ ಪರೀಕ್ಷೆಗೆ ಕೂತವರೆಷ್ಟು, ಸೇರಿದಾಗ ಓದು ಮತ್ತು ಲೆಕ್ಕದಲ್ಲಿ ಅವರ ಮಟ್ಟ ಯಾವುದು, ಹೊರಟಾಗ ಯಾವುದು. ಇದೇ ಫಲಕದಲ್ಲಿ ಇನ್ನೊಂದು ಸಾಲು ಇರಲೇಬೇಕು: ಆ ಮೂರು ವರ್ಷಗಳಲ್ಲಿ ಗಣಿತ, ವಿಜ್ಞಾನ, ಇಂಗ್ಲಿಷ್ ಹುದ್ದೆಗಳು ಎಷ್ಟು ತಿಂಗಳು ಖಾಲಿ ಇದ್ದವು, ಅತಿಥಿ ಶಿಕ್ಷಕರು ಯಾವ ತಿಂಗಳಲ್ಲಿ ಬಂದರು. ಜೂನಿನಲ್ಲಿ ಖಾಲಿಯಾದ ಗಣಿತದ ಹುದ್ದೆಗೆ ಆಗಸ್ಟಿನಲ್ಲಿ ಅತಿಥಿ ಶಿಕ್ಷಕರು ಬಂದರೆ ಕಳೆದುಹೋದ ಎರಡು ತಿಂಗಳ ಹೊಣೆಯನ್ನು ಮುಖ್ಯ ಶಿಕ್ಷಕರ ಮೇಲೆ ಹೊರಿಸಲು ಬರುವುದಿಲ್ಲ. ಅದು ಸರ್ಕಾರದ ಲೆಕ್ಕಕ್ಕೆ ಸೇರಬೇಕು, ಮತ್ತು ಪಾಲಕರಿಗೆ ಕಾಣುವಂತೆ ಸೇರಬೇಕು. ಈ ಐದು ಸಾಲು ಬರೆಯಲು ಹೊಸ ಸಮೀಕ್ಷೆ ಬೇಡ, ಹೊಸ ಆ್ಯಪ್ ಬೇಡ. ದಾಖಲಾತಿ ವಹಿ, ಸೇತುಬಂಧದ ಹಾಳೆ, ಸ್ಯಾಟ್ಸ್, ಶಿಕ್ಷಕರ ಹಾಜರಿ ಪುಸ್ತಕ ನಾಲ್ಕೂ ಮುಖ್ಯ ಶಿಕ್ಷಕರ ಕೊಠಡಿಯಲ್ಲೇ ಇವೆ. ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ ಮುಂದಿನ ಸಭೆಯಲ್ಲಿ ಯಾವ ಪಾಲಕರಾದರೂ ಎದ್ದುನಿಂತು ಅವನ್ನು ಮೇಜಿನ ಮೇಲಿಡಿ ಎಂದು ಕೇಳಬಹುದು. ಬರುವ ಜೂನಿನಲ್ಲಿ ಎಂಟನೆಯ ತರಗತಿಗೆ ಸೇರುವ ಮಕ್ಕಳಿಂದಲೇ ಮೊದಲ ಸಾಲನ್ನು ಬರೆಯಲು ಶುರುಮಾಡಬಹುದು.